ಗುಳ್ಳೆಗಳ ದಿಕ್ಕು

ಮಳೆಗಾಲ ಕಳೆದು ಕಡಲು ತಿಳಿಯಾಗುವ ದಿನಗಳಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ಹೊರಡುವ ದೋಣಿಗಳಲ್ಲಿ ಈಚೆಗೆ ಒಂದು ದೃಶ್ಯವನ್ನು ನಾನು ಮೇಲಿಂದ ಮೇಲೆ ಕಾಣುತ್ತಿದ್ದೇನೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ತರುಣನೊಬ್ಬನು ಮಡಿಲಲ್ಲಿ ಒಂದು ಗಂಟನ್ನಿಟ್ಟುಕೊಂಡು ಕೂತಿರುತ್ತಾನೆ. ಎರಡು ಸುತ್ತು ಟವೆಲ್ಲನ್ನು ಬಿಚ್ಚಿದರೆ ಒಳಗೆ ಕ್ಯಾಮೆರಾ, ಆ ಕ್ಯಾಮೆರಾವನ್ನು ನೀರಿನಿಂದ ಕಾಯುವ ಅಲ್ಯೂಮಿನಿಯಮಿನ ಕವಚ, ಕವಚದ ಎರಡು ಪಕ್ಕಕ್ಕೂ ಏಡಿಯ ಕೊಂಬುಗಳಂತೆ ಚಾಚಿಕೊಂಡ ದೀಪಗಳು. ಕವಚದ ಅಂಚಿನ ರಬ್ಬರಿನ ಉಂಗುರವನ್ನು ಅವನು ಉಗುರಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ, ಒಂದು ಕೂದಲಾದರೂ ಅಂಟಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿ, ತೋರುಬೆರಳಿನಿಂದ ಗ್ರೀಸನ್ನು ಸವರಿ, ಮರಳಿ ಕೂರಿಸುವ ಆ ಏಕಾಗ್ರತೆಯನ್ನು ಕಂಡರೆ ಸಾಲಿಗ್ರಾಮಕ್ಕೆ ಅಭಿಷೇಕ ಮಾಡುವ ಅರ್ಚಕರ ನೆನಪಾಗುವುದು. ಇದೆಲ್ಲ ಮುಗಿದ ಮೇಲೆ ಅವನು ಎದ್ದು, ದೋಣಿಯ ಹಿಂಬದಿಯಲ್ಲಿರುವ ನೀಲಿ ಪ್ಲಾಸ್ಟಿಕ್ ಕ್ರೇಟಿನೊಳಗೆ ಕೈ ಹಾಕಿ, ಹಾವಿನ ಮರಿಗಳಂತೆ ಒಂದರೊಡನೊಂದು ಸುತ್ತಿಕೊಂಡು ಬಿದ್ದಿರುವ ಬಾಡಿಗೆಯ ರೆಗ್ಯುಲೇಟರುಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು, ಅದರ ಮುಖವನ್ನು ಕೂಡ ನೋಡದೆ ಸಿಲಿಂಡರಿಗೆ ಬಿಗಿಯುತ್ತಾನೆ. ಆನೆಯನ್ನು ಕೊಂಡವನು ಅಂಕುಶವನ್ನು ಸಂತೆಯಲ್ಲಿ ಎರವಲು ಕೇಳಿದಂತೆ ಇದು.

2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ನಮ್ಮ ಕಡಲಿಗೆ ಇಳಿದುದನ್ನು ನೋಡಿದ ಮೇಲೆ, ನೀರಿನೊಳಗೊಂದು ಲೋಕವಿದೆ, ಅದರ ಚಿತ್ರವನ್ನು ನಾವೂ ತೆಗೆಯಬಹುದು ಎಂಬ ಆಸೆ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಮೊಳೆತಿರುವುದು ಸಂತೋಷದ ಸಂಗತಿಯೇ. ಆದರೆ ಆ ಆಸೆಯ ಬೆಲೆಯನ್ನೆಲ್ಲ ಕಣ್ಣಿನ ಉಪಕರಣಕ್ಕೆ ಸುರಿದು, ಉಸಿರಿನ ಉಪಕರಣವನ್ನು ಅದೃಷ್ಟಕ್ಕೆ ಬಿಡುವ ಪದ್ಧತಿ ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ಜಲಾಂತರ್ಗತ ಛಾಯಾಗ್ರಾಹಕನು ಮೊದಲು ಆರಿಸಿಕೊಳ್ಳತಕ್ಕದ್ದು ಲೆನ್ಸನ್ನಲ್ಲ, ರೆಗ್ಯುಲೇಟರನ್ನು. ಅದನ್ನು ಆರಿಸುವಾಗಲೂ ಅಂಗಡಿಯವನು ಹೇಳುವ ಗುಣಗಳನ್ನು ಪಕ್ಕಕ್ಕಿಟ್ಟು, ಅವನು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಪ್ರಶ್ನೆಯನ್ನು ಕೇಳಬೇಕು: ನಾನು ಬಿಟ್ಟ ಉಸಿರು ಯಾವ ಕಡೆಗೆ ಹೋಗುತ್ತದೆ?

ಈ ಯಂತ್ರವನ್ನು ಕಾಣದ ಓದುಗರಿಗೆ ಎರಡು ಮಾತು. ಬೆನ್ನಿನ ಸಿಲಿಂಡರಿನಲ್ಲಿ ಗಾಳಿಯು ಸುಮಾರು 200 ಬಾರ್ ಒತ್ತಡದಲ್ಲಿ ಅಡಕವಾಗಿರುತ್ತದೆ. ಅಷ್ಟು ಒತ್ತಡದ ಗಾಳಿಯನ್ನು ಯಾರೂ ನೇರವಾಗಿ ಉಸಿರಾಡಲಾರರು. ಸಿಲಿಂಡರಿನ ಕುತ್ತಿಗೆಗೆ ಕಚ್ಚಿಕೊಂಡಿರುವ ಲೋಹದ ಗುಂಡುಭಾಗ, ಅಂದರೆ ರೆಗ್ಯುಲೇಟರಿನ ಮೊದಲ ಹಂತ, ಆ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಮಾತ್ರ ಹೆಚ್ಚಾಗಿರುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಅದನ್ನು ಇನ್ನೂ ಇಳಿಸಿ, ನಾವಿರುವ ಆಳದ ನೀರಿನ ಒತ್ತಡಕ್ಕೆ ಸರಿಸಮನಾಗಿ, ನಾವು ಎಳೆದಾಗ ಮಾತ್ರ, ಎಳೆದಷ್ಟು ಮಾತ್ರ ಕೊಡುತ್ತದೆ. ಅದರ ಹೃದಯವೆಂದರೆ ಅಂಗೈಯಷ್ಟಗಲದ ಒಂದು ರಬ್ಬರಿನ ಪೊರೆ. ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ನಮ್ಮ ಉಸಿರು. ನಾವು ಎಳೆದರೆ ಪೊರೆ ಒಳಕ್ಕೆ ಬಾಗಿ ಸನ್ನೆಯನ್ನು ಒತ್ತಿ ಕವಾಟವನ್ನು ತೆರೆಯುವುದು. ಬಿಟ್ಟ ಉಸಿರು ಇನ್ನೊಂದು ತೆಳು ಕವಾಟದಿಂದ ಹೊರಬಿದ್ದು ಗುಳ್ಳೆಯಾಗಿ ಮೇಲೇರುವುದು.

ಬಿಟ್ಟ ಉಸಿರು ಯಾವ ಕಡೆಗೆ ಎಂಬ ಆ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಹದಿನಾಲ್ಕು ಮೀಟರು ಆಳದಲ್ಲಿ, ಬಂಡೆಯೊಂದರ ಚಾಚಿನ ಕೆಳಗೆ, ನೇರಿಳೆ ಅಂಚಿನ ಸೀರೆಯುಟ್ಟಂತಿದ್ದ ಚಿಪ್ಪಿಲ್ಲದ ಬಸವನಹುಳು ಒಂದನ್ನು ಕಂಡೆ. ನ್ಯೂಡಿಬ್ರಾಂಕ್ ಎಂದು ಬಲ್ಲವರು ಕರೆಯುವ ಆ ಜೀವಿ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ. ಅದರ ಮುಖದ ಮಟ್ಟಕ್ಕೆ ಕ್ಯಾಮೆರಾ ತರಬೇಕಾದರೆ ನಾನು ತಲೆಯನ್ನು ಕೆಳಗೆ ಮಾಡಿ, ಕಾಲನ್ನು ಮೇಲಕ್ಕೆತ್ತಿ, ಬಾವಲಿಯಂತೆ ತೂಗಬೇಕಾಯಿತು. ಹಾಗೆ ತೂಗಿದ ಕ್ಷಣದಿಂದ ಬಾಡಿಗೆಯ ಆ ರೆಗ್ಯುಲೇಟರು ಪ್ರತಿ ಉಸಿರಿಗೂ ಒಂದು ಚಮಚ ಉಪ್ಪುನೀರನ್ನು ಬಾಯಿಗೆ ಎರೆಯತೊಡಗಿತು. ಕೆಮ್ಮಿದೆ. ಕೆಮ್ಮಿದ ಗಾಳಿ ದೊಡ್ಡ ದೊಡ್ಡ ಗುಳ್ಳೆಗಳಾಗಿ ನನ್ನ ಎದೆಯ ಮೇಲಿಂದ ಹಾದು ಬಂಡೆಯ ಚಾವಣಿಗೆ ಬಡಿದು, ಎಷ್ಟು ಕಾಲದಿಂದ ಅಲ್ಲಿ ಕೂತಿತ್ತೋ ಕಾಣೆ, ಅಟ್ಟದ ಧೂಳು ಕೊಡವಿದಂತೆ ಕೆಸರಿನ ಕಣಗಳು ಕೆಳಕ್ಕೆ ಸುರಿದುವು. ದೀಪ ಮಿಂಚಿದಾಗ ಆ ಒಂದೊಂದು ಕಣವೂ ಒಂದೊಂದು ನಕ್ಷತ್ರವಾಯಿತು. ಆ ದಿನ ತೆಗೆದ ನಲವತ್ತು ಚಿತ್ರಗಳಲ್ಲಿ ಹುಳುವಿಗಿಂತ ನಕ್ಷತ್ರಗಳೇ ಸ್ಪಷ್ಟವಾಗಿವೆ. ಮೇಲೆ ಬಂದು ದೋಣಿಯ ಮಾರ್ಗದರ್ಶಕನಿಗೆ ಹೇಳಿದರೆ ಅವನು ನಕ್ಕು, “ಅದು ನೆಟ್ಟಗೆ ಈಜುವವರಿಗೆ ಇಟ್ಟದ್ದು ಮಾರಾಯ್ರೆ, ನೀವು ತಲೆಕೆಳಗಾದ್ರೆ ಅದೇನು ಮಾಡೀತು?” ಎಂದ. ಹಾಸ್ಯಕ್ಕೆ ಹೇಳಿದ ಆ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿತ್ತು.

ಈ ಶಾಸ್ತ್ರ ಹುಟ್ಟಿದ್ದೂ ತಲೆಕೆಳಗಾದ ಒಬ್ಬ ಮನುಷ್ಯನಿಂದಲೇ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲು ದೊರೆಯದೆ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದ ಕಾಲದಲ್ಲಿ, ಏರ್ ಲಿಕ್ವಿಡ್ ಎಂಬ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಎಂಬಾತನು, ಎಂಜಿನ್ನಿಗೆ ಬೇಕಾದಷ್ಟೇ ಅನಿಲವನ್ನು ಬಿಡುವ ಕವಾಟವೊಂದನ್ನು ರಚಿಸಿದ್ದನು. ಎಂಜಿನ್ನಿಗೆ ಸಲ್ಲುವುದು ಶ್ವಾಸಕೋಶಕ್ಕೂ ಸಲ್ಲಬಾರದೇಕೆ ಎಂದು ನೌಕಾದಳದ ಅಧಿಕಾರಿ ಝಾಕ್-ಈವ್ ಕೂಸ್ಟೋ ಅದನ್ನು ಹಿಡಿದುಕೊಂಡು 1943ರ ಜನವರಿಯ ಚಳಿಯಲ್ಲಿ ಪ್ಯಾರಿಸಿನ ಹೊರವಲಯದ ಮಾರ್ನ್ ನದಿಗೆ ಇಳಿದನು. ಅಡ್ಡಡ್ಡವಾಗಿ ಈಜುವಾಗ ಯಂತ್ರವು ಸೊಗಸಾಗಿ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ಕೇಳದೆಯೇ ಭುಸುಗುಟ್ಟಿ ಹೊರಕ್ಕೆ ಹರಿಯಿತು. ತಲೆಕೆಳಗಾದರೆ ಉಸಿರನ್ನು ಎಳೆಯುವುದೇ ದುಸ್ಸಾಧ್ಯವಾಯಿತು. ನದಿಯಿಂದೆದ್ದು ಕಾರಿನಲ್ಲಿ ಊರಿಗೆ ಮರಳುವ ಹಾದಿಯಲ್ಲಿ ಇಬ್ಬರಿಗೂ ಕಾರಣ ಹೊಳೆಯಿತು: ಉಸಿರು ಹೊರಬೀಳುವ ಬಾಯಿಗೂ ಒತ್ತಡವನ್ನು ಅಳೆಯುವ ಪೊರೆಗೂ ನಡುವೆ ಗೇಣಿನಷ್ಟು ಅಂತರವಿತ್ತು, ಅವುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಆದೊಡನೆ ಆ ಗೇಣಿನಷ್ಟು ನೀರಿನ ಭಾರವೇ ಕವಾಟವನ್ನು ಆಳತೊಡಗುವುದು. ನಿಶ್ವಾಸದ ಬಾಯನ್ನು ಪೊರೆಯ ಪಕ್ಕಕ್ಕೇ ತಂದಿಟ್ಟ ಮೇಲೆ ದೋಷ ನಿವಾರಣೆಯಾಯಿತು. ಜಗತ್ತು ‘ಆಕ್ವಾಲಂಗ್’ ಎಂದು ಕೊಂಡಾಡಿದ ಯಂತ್ರದ ಕೊನೆಯ ಕೊರತೆ ಪರಿಹಾರವಾದದ್ದು, ಉಸಿರು ಎಲ್ಲಿಂದ ಹೊರಹೋಗಬೇಕು ಎಂಬುದನ್ನು ತಿದ್ದಿದ್ದರಿಂದ.

ಆ ಹಳೆಯ ಯಂತ್ರಕ್ಕೆ ಎರಡು ಸುಕ್ಕುಗೊಳವೆಗಳು. ಒಂದರಿಂದ ಉಸಿರು ಬರುವುದು, ಇನ್ನೊಂದರಿಂದ ಹಿಂದಕ್ಕೆ ಹೋಗಿ ಬೆನ್ನಿನ ಮೇಲೆ, ತಲೆಯ ಹಿಂದೆ ಗುಳ್ಳೆಯಾಗುವುದು. ಮುಖದ ಸುತ್ತ ಒಂದು ಗುಳ್ಳೆಯೂ ಇಲ್ಲ, ಕಿವಿಯ ಪಕ್ಕದಲ್ಲಿ ಕುದಿಯುವ ಹಂಡೆಯ ಸದ್ದಿಲ್ಲ, ಮೀನಿನ ಕಣ್ಣಿಗೂ ನಮ್ಮ ಲೆನ್ಸಿಗೂ ನಡುವೆ ಬೆಳ್ಳಿಯ ತೆರೆಯಿಲ್ಲ. 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದ ಕೂಸ್ಟೋವಿನ ‘ಮೌನ ಜಗತ್ತು’ ಚಿತ್ರವನ್ನು ನೋಡಿದವರು ಆ ಮುಳುಗುಗಾರರ ಮುಖಗಳು ಎಷ್ಟು ನಿರಾತಂಕವಾಗಿ ಕಾಣುವುವೆಂಬುದನ್ನು ಗಮನಿಸಿರಬಹುದು. ಅದರ ಶ್ರೇಯಸ್ಸಿನಲ್ಲಿ ಒಂದು ಪಾಲು ಆ ಹಿಂದಣ ಕೊಳವೆಗೆ ಸಲ್ಲತಕ್ಕದ್ದು. ಹಾಗೆಂದು ಅದೇನು ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಪೊರೆಯು ಬೆನ್ನ ಮೇಲಿದ್ದುದರಿಂದ, ಬೋರಲಾಗಿ ಈಜುವಾಗ ಅದು ಶ್ವಾಸಕೋಶಕ್ಕಿಂತ ಮೇಲಿದ್ದು ಉಸಿರನ್ನು ತುಸು ಬಲವಂತದಿಂದಲೇ ಎಳೆಯಬೇಕಾಗುತ್ತಿತ್ತು. ಕೊಳವೆಗೆ ನೀರು ನುಗ್ಗಿದರೆ ತೆರವು ಮಾಡುವುದೂ ಒಂದು ವಿದ್ಯೆಯೇ ಆಗಿತ್ತು. ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ ಎಂಬಾತನು 1952ರಲ್ಲಿ ‘ಪಾರ್ಪಸ್’ ಎಂಬ ಒಂದೇ ಕೊಳವೆಯ ರೆಗ್ಯುಲೇಟರನ್ನು ಮಾರುಕಟ್ಟೆಗೆ ತಂದ ಮೇಲೆ ಪೊರೆಯೂ ಕವಾಟವೂ ಬಾಯಿಯ ಬಳಿಗೇ ಬಂದುವು, ಉಸಿರು ಹಗುರವಾಯಿತು, ಯಂತ್ರ ಅಗ್ಗವಾಯಿತು, ಲೋಕವೆಲ್ಲ ಅದನ್ನೇ ಹಿಡಿಯಿತು. ಗುಳ್ಳೆಗಳೂ ಮುಖಕ್ಕೆ ಬಂದುವು. ಛಾಯಾಗ್ರಾಹಕರನ್ನು ಆ ವಿಷಯದಲ್ಲಿ ಯಾರೂ ಕೇಳಲಿಲ್ಲ.

ಇಂದು ಅಂಗಡಿಗಳಲ್ಲಿ ದೊರೆಯುವ ರೆಗ್ಯುಲೇಟರುಗಳಲ್ಲಿ ಬಹುಮಟ್ಟಿನವು ಎಲ್ಡ್ರೆಡ್ಡನ ವಂಶದವೇ. ಮುಂಭಾಗದಲ್ಲಿ ಪೊರೆ, ಗದ್ದದ ಕೆಳಗೆ ನಿಶ್ವಾಸದ ಕವಾಟ, ಅದಕ್ಕೆ ಮೀಸೆಯಂತೆ ಎರಡು ಪಕ್ಕಕ್ಕೂ ಕವಲೊಡೆದ ಹೊರದಾರಿ. ನೆಟ್ಟಗಿರುವವನಿಗೆ ಈ ವಿನ್ಯಾಸ ಬಹಳ ಒಳ್ಳೆಯದು. ಒಳಗೆ ಸೇರಿದ ನೀರು ತಾನಾಗಿ ತಳಕ್ಕೆ ಇಳಿದು ಮುಂದಿನ ಉಸಿರಿನೊಡನೆ ಹೊರಗೆ ಹೋಗುವುದು. ತಲೆಕೆಳಗಾದವನಿಗೆ ತಳವೇ ಮಾಳಿಗೆಯಾಗುತ್ತದೆ. ಕವಾಟ ಮೇಲೆ, ನೀರು ಕೆಳಗೆ, ಬಾಯಿ ನೀರಿನ ಪಕ್ಕದಲ್ಲಿ. ನನಗೆ ಚಮಚ ಚಮಚವಾಗಿ ದೊರೆತ ತೀರ್ಥದ ಮರ್ಮವಿಷ್ಟೆ. ಇನ್ನೊಂದು ಸೂಕ್ಷ್ಮವುಂಟು. ನಿಶ್ವಾಸದ ಕವಾಟವು ಪೊರೆಗಿಂತ ಮೂರು ನಾಲ್ಕು ಸೆಂಟಿಮೀಟರು ಮೇಲಾದಾಗ ಅಷ್ಟು ನೀರಿನ ಭಾರವು ಪೊರೆಯನ್ನು ಒಳಕ್ಕೆ ನೂಕುತ್ತದೆ. ಕವಾಟದ ಸ್ಪ್ರಿಂಗು ಅದಕ್ಕಿಂತ ಸಡಿಲವಾಗಿದ್ದರೆ, ಎಳೆಯದಿದ್ದರೂ ಗಾಳಿ ಸಣ್ಣಗೆ ಸೋರಿ, ಗುಳ್ಳೆಗಳ ಸರವೊಂದು ಕೆನ್ನೆಯ ಪಕ್ಕದಲ್ಲಿ ನಿಲ್ಲದೆ ಏರುತ್ತಿರುವುದು. “ಇದರಲ್ಲಿ ಉಸಿರು ಬೆಣ್ಣೆಯಂತೆ ಬರುತ್ತದೆ ಸಾರ್, ಮುಟ್ಟಿದರೆ ಸಾಕು” ಎಂದು ಹೊಗಳಿ ಮಾರುವ ಸೂಕ್ಷ್ಮ ಯಂತ್ರವೇ ಛಾಯಾಗ್ರಾಹಕನ ಕೈಯಲ್ಲಿ ಮೊದಲು ಸೋರುವುದು ಇದರಿಂದಲೇ. ಎಳೆತದ ಬಿಗಿಯನ್ನು ನೀರಿನೊಳಗೇ ತಿರುಗಿಸಿ ಹೊಂದಿಸಿಕೊಳ್ಳುವ ತಿರುಪು ಇರುವಂಥದನ್ನು ಕೊಳ್ಳಿರಿ; ಹುಳುವಿನ ಮುಂದೆ ತೂಗುವಾಗ ಅರ್ಧ ಸುತ್ತು ಬಿಗಿಮಾಡಿ, ಮೇಲೇಳುವಾಗ ಸಡಿಲಿಸಬಹುದು.

ಈ ಕೊರತೆಯನ್ನು ವಿನ್ಯಾಸದಲ್ಲಿಯೇ ಗೆದ್ದವರೂ ಇದ್ದಾರೆ. 1958ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಪೊಸೈಡನ್ ಕಂಪನಿಯವರು ನಿಶ್ವಾಸದ ಬಾಯನ್ನು ಗದ್ದದ ಕೆಳಗಿಂದ ಪಕ್ಕಕ್ಕೆ ಸರಿಸಿದರು. ಅವರ ‘ಸೈಕ್ಲಾನ್’, ‘ಜೆಟ್‌ಸ್ಟ್ರೀಮ್’ ರೆಗ್ಯುಲೇಟರುಗಳಲ್ಲಿ ಗುಳ್ಳೆಗಳು ಒಂದೇ ಪಕ್ಕದಿಂದ ಹೊರಡುವುದರಿಂದ ಇನ್ನೊಂದು ಕಣ್ಣಿಗೆ ಬಯಲು ನಿಚ್ಚಳವಾಗಿರುತ್ತದೆ, ಯಾವುದು ಮೇಲು ಯಾವುದು ಕೆಳಗು ಎಂಬ ಭೇದವೂ ಅವಕ್ಕೆ ಅಷ್ಟಾಗಿ ಇಲ್ಲ. ಸ್ಕೂಬಾಪ್ರೋದವರ ‘ಡಿ-400’ ಎಂಬ ಹಳೆಯ ರೆಗ್ಯುಲೇಟರಿನಲ್ಲಿ ನಿಶ್ವಾಸದ ಕವಾಟವನ್ನು ಪೊರೆಯ ನಟ್ಟನಡುವೆಯೇ ಕೂರಿಸಿದ್ದರು. ಎರಡಕ್ಕೂ ಅಂತರವೇ ಇಲ್ಲದಿದ್ದರೆ ಮೇಲೆ ಕೆಳಗೆಂಬ ಜಗಳವೆಲ್ಲಿಯದು? ಮಾರ್ನ್ ನದಿಯ ಪಾಠವನ್ನು ಇಷ್ಟು ಅಚ್ಚುಕಟ್ಟಾಗಿ ಒಪ್ಪಿಸಿದ ಯಂತ್ರ ಮತ್ತೊಂದನ್ನು ನಾನು ಕಂಡಿಲ್ಲ. ಇವೆಲ್ಲ ಕೈಗೆಟುಕದಿದ್ದರೆ, ಸಾಮಾನ್ಯ ವಿನ್ಯಾಸದಲ್ಲಿಯೇ ಹೊರದಾರಿಯ ಕವಲು ಅಗಲವಾಗಿರುವುದನ್ನು ಆರಿಸಿರಿ. ಅಗಲವಾದ ಮೀಸೆ ನೋಡಲು ವಿಕಾರ, ಚೀಲದಲ್ಲಿ ಜಾಗ ನುಂಗುತ್ತದೆ, ಆದರೆ ಗುಳ್ಳೆಗಳನ್ನು ಕೆನ್ನೆಯಾಚೆಗೆ ದಾಟಿಸುತ್ತದೆ. ಪ್ರಯಾಣಕ್ಕೆ ಹಗುರವೆಂದು ಜಾಹೀರಾತು ಮಾಡುವ ಪುಟ್ಟ ರೆಗ್ಯುಲೇಟರುಗಳಲ್ಲಿ ಮೊದಲು ಮೊಟಕಾಗುವುದು ಈ ಮೀಸೆಯೇ.

ಕ್ಯಾಟಲಾಗುಗಳು ಬೇರೊಂದು ಭಾಷೆಯನ್ನಾಡುತ್ತವೆ. ಯುರೋಪಿನ ಇಎನ್ 250 ಎಂಬ ಮಾನಕದ ಪ್ರಕಾರ ರೆಗ್ಯುಲೇಟರನ್ನು 50 ಮೀಟರು ಆಳದ ಒತ್ತಡದಲ್ಲಿ, ನಿಮಿಷಕ್ಕೆ 25 ಸಲ, ಸಲಕ್ಕೆ ಎರಡೂವರೆ ಲೀಟರಿನಂತೆ ಉಸಿರಾಡುವ ಯಂತ್ರಕ್ಕೆ ಕಟ್ಟಿ ಪರೀಕ್ಷಿಸುತ್ತಾರೆ. ಪ್ರತಿ ಲೀಟರು ಗಾಳಿಗೆ ವ್ಯಯವಾಗುವ ಶ್ರಮವು 3 ಜೂಲ್‌ಗಳನ್ನು ಮೀರಕೂಡದು. ಅಪಾಯದಲ್ಲಿ ಏದುಸಿರು ಬಿಡುವವನನ್ನು ರಕ್ಷಿಸುವ ಈ ನಿಯಮ ಅತ್ಯಾವಶ್ಯಕವಾದುದು, ಅದರ ಮುದ್ರೆಯಿಲ್ಲದ ಯಂತ್ರವನ್ನು ಮುಟ್ಟಲೂ ಬಾರದು. ಆದರೆ ಹೆಸರಾಂತ ಕಂಪನಿಗಳ ಸರಕೆಲ್ಲವೂ ಅದನ್ನು ಸುಲಭವಾಗಿ ದಾಟುವಾಗ, ದಾಟಿದವುಗಳ ನಡುವೆ ದಶಮಾಂಶ ಸ್ಥಾನದ ಅಂತರಕ್ಕೆ ಸಾವಿರಾರು ರೂಪಾಯಿ ತೆರುವುದು ಏತಕ್ಕೆ? ಹಾಗೆಯೇ ಹಿಮದ ಕೆಳಗೆ ಹೆಪ್ಪುಗಟ್ಟದ ಮೊದಲ ಹಂತವೆಂಬ ಹೆಗ್ಗಳಿಕೆ. ನೀರು 10 ಡಿಗ್ರಿಗಿಂತ ತಣ್ಣಗಿರುವ ನಾಡಿನವರಿಗೆ ಅದು ಪ್ರಾಣದ ಪ್ರಶ್ನೆ. ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಮುಳುಗುವ ನಮಗೆ ಅದು ಉಣ್ಣೆಯ ಕೋಟು. ಹಾಗಿದ್ದರೂ ಮೊಹರು ಮಾಡಿದ ಮೊದಲ ಹಂತ ಮರಳನ್ನೂ ಉಪ್ಪನ್ನೂ ಒಳಕ್ಕೆ ಬಿಡದೆಂಬ ಕಾರಣಕ್ಕೆ ನಾನು ಅದನ್ನೇ ಇಟ್ಟುಕೊಂಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಹಲ್ಲಿನ ವಿಚಾರ. ಸಾಮಾನ್ಯ ಮುಳುಗುಗಾರನು ಸುತ್ತಲೂ ನೋಡುತ್ತ ಈಜುವನು. ಛಾಯಾಗ್ರಾಹಕನು ಒಂದೇ ಕಡೆಗೆ ಕತ್ತು ತಿರುಗಿಸಿಕೊಂಡು ಇಪ್ಪತ್ತು ನಿಮಿಷ ಸ್ಥಾಣುವಾಗುವನು. ಬಲಭುಜದ ಮೇಲಿಂದ ಬರುವ ಗಟ್ಟಿ ರಬ್ಬರಿನ ಹೋಸು ಅಷ್ಟು ಹೊತ್ತೂ ಬಾಯನ್ನು ಒಂದು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಸಂಜೆಗೆ ದವಡೆಯ ಕೀಲಿನಲ್ಲಿ ಎದ್ದ ನೋವು ಮರುದಿನ ಚಕ್ಕುಲಿ ಕಡಿಯಲೂ ಬಿಡದು. ಹೋಸು ಬಂದು ಸೇರುವಲ್ಲಿ ತಿರುಗುವ ಕೀಲು ಇರಬೇಕು, ಹೋಸು ನೈಲಾನು ಹೆಣೆದ ಮೆತುವಾದುದಾಗಿರಬೇಕು, ಕಚ್ಚುವ ತುಂಡು ನಮ್ಮದೇ ಹಲ್ಲಿನ ಅಚ್ಚಿಗೆ ಕೂತಿರಬೇಕು. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚೆತ್ತಿಕೊಳ್ಳುವ ತುಂಡುಗಳು ದೊರೆಯುತ್ತವೆ, ಇಡೀ ಉಪಕರಣದಲ್ಲಿ ಅತ್ಯಂತ ಅಗ್ಗವಾದ ಸುಖವೆಂದರೆ ಅದೇ. ಕ್ಯಾಮೆರಾದ ಬೆನ್ನಿಗೆ ಮುಖವನ್ನು ಒತ್ತಿ ನೋಡುವ ಅಭ್ಯಾಸವಿದ್ದವರು ಎರಡನೆಯ ಹಂತದ ಮೂತಿ ಎಷ್ಟು ಮುಂಚಾಚಿದೆ ಎಂಬುದನ್ನೂ ನೋಡಬೇಕು. ಮೂತಿಯ ನಡುವಿನ ಗುಂಡಿ ಕವಚಕ್ಕೆ ತಗುಲಿದರೆ ಗಾಳಿ ಭೋರೆಂದು ನುಗ್ಗಿ, ಅರ್ಧ ಗಂಟೆ ಓಲೈಸಿದ ಮೀನು ಕ್ಷಣಾರ್ಧದಲ್ಲಿ ಮಾಯ.

ಇವೆಲ್ಲ ಸೌಕರ್ಯದ ಮಾತುಗಳಷ್ಟೆ, ಚತುರನಾದವನು ಯಾವ ರೆಗ್ಯುಲೇಟರಿನಲ್ಲಾದರೂ ಚಿತ್ರ ತೆಗೆದಾನು ಎಂದು ನನ್ನ ಗೆಳೆಯರೊಬ್ಬರು ವಾದಿಸುವುದುಂಟು. ತೆಗೆಯುತ್ತಾನೆ, ಹೇಗೆಂದರೆ, ಉಸಿರನ್ನು ಕಟ್ಟಿ. ಗುಳ್ಳೆಗೆ ಬೆದರುವ ಮೀನು ಹತ್ತಿರ ಬಂದಾಗ ಉಸಿರು ಹಿಡಿಯುವ ಚಾಳಿ ನೀರಿನೊಳಗಿನ ಛಾಯಾಗ್ರಾಹಕರಲ್ಲಿ ಎಷ್ಟು ಸಹಜವೋ ಅಷ್ಟೇ ಘಾತಕ. ಸ್ಕೂಬಾ ಕಲಿಸುವವರು ಮೊದಲ ದಿನ ಹೇಳುವ ಮೊದಲ ಸೂತ್ರವೇ ಉಸಿರನ್ನು ಎಂದೂ ಕಟ್ಟಬೇಡಿ ಎಂಬುದು. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಾಗ ಇಮ್ಮಡಿಯಾಗುವುದು, ಉಸಿರು ಕಟ್ಟಿಕೊಂಡೇ ಅರಿವಿಲ್ಲದೆ ಒಂದೆರಡು ಮೀಟರು ಮೇಲೆ ತೇಲಿದರೂ ಶ್ವಾಸಕೋಶಕ್ಕೆ ಗಾಯವಾಗಬಹುದು. ಅಪಾಯವಾಗದಿದ್ದರೂ ಒಳಗೆ ಸಂಗ್ರಹವಾದ ಇಂಗಾಲದ ಡೈಆಕ್ಸೈಡು ತಲೆಸಿಡಿತವನ್ನು ತರುವುದು. ತಲೆಯ ಹಿಂದಕ್ಕೋ ಪಕ್ಕಕ್ಕೋ ಗುಳ್ಳೆಯನ್ನು ಸಾಗಿಸುವ ರೆಗ್ಯುಲೇಟರು ಈ ಮೋಹವನ್ನೇ ತಗ್ಗಿಸುತ್ತದೆ. ಲೆಕ್ಕವನ್ನೂ ಹೇಳಿಬಿಡುವೆನು. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿಸಿ, ಮೇಲೇಳಲು 50 ಬಾರ್ ಮೀಸಲಿಟ್ಟರೆ ಉಳಿಯುವುದು 1650 ಲೀಟರು ಗಾಳಿ. ನೆಮ್ಮದಿಯಿಂದ ನಿಮಿಷಕ್ಕೆ 15 ಲೀಟರಿನಂತೆ ಉಸಿರಾಡುವವನಿಗೆ 15 ಮೀಟರು ಆಳದಲ್ಲಿ ಅದು 44 ನಿಮಿಷ ಬರುವುದು. ಒದ್ದೆ ಉಸಿರಿನೊಡನೆ ಹೋರಾಡುತ್ತ, ಕೆಮ್ಮುತ್ತ, 25 ಲೀಟರು ಬಳಸುವವನಿಗೆ 26 ನಿಮಿಷ. ನಡುವಣ ಹದಿನೆಂಟು ನಿಮಿಷಗಳನ್ನು ಯಾವ ಲೆನ್ಸಿನ ಅಂಗಡಿಯಲ್ಲಿ ಕೊಳ್ಳುವುದು? ಗುಳ್ಳೆಯೇ ಇಲ್ಲದ, ಬಿಟ್ಟ ಉಸಿರನ್ನೇ ಶುದ್ಧಿಮಾಡಿ ಮರಳಿ ಕೊಡುವ ರೀಬ್ರೀದರ್ ಯಂತ್ರಗಳಿವೆಯಲ್ಲ ಎನ್ನುವವರಿಗೆ, ಅವುಗಳ ಬೆಲೆಯೂ ಅವು ಬೇಡುವ ತರಬೇತಿಯೂ ಭಾನುವಾರದ ಮುಳುಗುಗಾರನ ಶಕ್ತಿಗೆ ಮೀರಿದುವೆಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕೊಳ್ಳುವ ಮೊದಲು ಈಜುಕೊಳದಲ್ಲಿ ಕಾಲು ಗಂಟೆ ಕೊಡಿರೆಂದು ಅಂಗಡಿಯವನನ್ನು ಪೀಡಿಸಿರಿ. ಅಲ್ಲಿ ಈಜಬೇಡಿ, ತಲೆಕೆಳಗಾಗಿ ಹತ್ತು ಉಸಿರು, ಎಡಮಗ್ಗುಲಲ್ಲಿ ಹತ್ತು, ಬಲಮಗ್ಗುಲಲ್ಲಿ ಹತ್ತು, ಅಂಗಾತ ಮಲಗಿ ಹತ್ತು. ಬಾಯಿಗೆ ನೀರು ಬಂತೆ, ಸೋರಿತೆ, ಗುಳ್ಳೆ ಎಲ್ಲಿ ಹಾದಿತು: ನಲವತ್ತು ಉಸಿರಿನಲ್ಲಿ ಎಲ್ಲ ತಿಳಿಯುವುದು. ಆಮೇಲೆ ಕೇಳತಕ್ಕ ಮಾತು ರಿಪೇರಿಯದು. ವರ್ಷಕ್ಕೊಮ್ಮೆಯೋ ನೂರು ಮುಳುಗಿಗೊಮ್ಮೆಯೋ ಇದರ ಉಂಗುರಗಳನ್ನೂ ಕವಾಟದ ಪೀಠವನ್ನೂ ಬದಲಾಯಿಸಬೇಕು. ಆ ಬಿಡಿಭಾಗಗಳು ನಮ್ಮ ದೇಶದಲ್ಲಿ ದೊರೆಯದ ಯಂತ್ರ ಎಷ್ಟು ಚೆಲುವಾಗಿದ್ದರೂ ಬೇಡ. ವಿದೇಶದಿಂದ ಬಂದ ಬಂಧುಗಳ ಕೈಯಲ್ಲಿ ಸೋವಿಯೆಂದು ತರಿಸಿಕೊಂಡ ನನ್ನ ಮೊದಲ ರೆಗ್ಯುಲೇಟರು ಒಂದು ಉಂಗುರಕ್ಕಾಗಿ ಏಳು ತಿಂಗಳು ಬೀರುವಿನಲ್ಲಿ ಕೂತಿತ್ತು. ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ನೆನೆಯಿಡಬೇಕು, ಮೊದಲ ಹಂತದ ಮುಚ್ಚಳವನ್ನು ಒಣಗಿಸಿ ಬಿಗಿದಿರಬೇಕು, ನೆನೆಯುವಾಗ ಮೂತಿಯ ಗುಂಡಿಯನ್ನು ಒತ್ತಬಾರದು. ಒತ್ತಿದರೆ ನೀರು ಹೋಸಿನೊಳಗಿಂದ ಹಿಂದಕ್ಕೆ ಹರಿದು ಲೋಹದ ಗರ್ಭವನ್ನು ಸೇರುವುದು.

ಈ ಋತುವಿನ ಆರಂಭದಲ್ಲಿ, ಮೊದಲು ಹೇಳಿದಂಥ ತರುಣನೊಬ್ಬ ದೋಣಿಗೆ ಮರಳಿ, ಕವಚದ ಮೇಲಿನ ನೀರನ್ನು ಟವೆಲ್ಲಿನಿಂದ ಒತ್ತಿ ಒರೆಸಿ, ತನ್ನ ಚಿತ್ರವೊಂದನ್ನು ನನಗೆ ತೋರಿಸಿದ. ಬಂಡೆಯ ಬಿರುಕಿನಿಂದ ಹೊರಬಂದ ಸಿಂಹಮೀನು. ಬಣ್ಣ ಬೆಳಕುಗಳೆರಡೂ ಚೆನ್ನಾಗಿ ಬಂದಿದ್ದುವು. ಬಲಮೂಲೆಯಲ್ಲಿ ಮೂರು ಗುಳ್ಳೆಗಳು ನಾಣ್ಯಗಳಂತೆ ಹೊಳೆಯುತ್ತಿದ್ದುವು. “ಇವನ್ನು ಮನೆಗೆ ಹೋಗಿ ಅಳಿಸಿಬಿಡ್ತೀನಿ ಸರ್” ಎಂದ. ಮೀನು ಆಗಲೇ ಬಾಲವನ್ನು ಈ ಕಡೆಗೆ ತಿರುಗಿಸಿ ಹೊರಟಿತ್ತು. ದೋಣಿಯ ಹಿಂಬದಿಯಲ್ಲಿ ಹುಡುಗನೊಬ್ಬನು ಬಾಡಿಗೆಯ ರೆಗ್ಯುಲೇಟರುಗಳನ್ನೆಲ್ಲ ಒಂದೇ ಬಕೆಟ್ಟಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೂತಿಯ ಗುಂಡಿಗಳನ್ನು ಒತ್ತೊತ್ತಿ ತೊಳೆಯುತ್ತಿದ್ದ.